ಇನುಯಾಶಾನನ್ನು ಮುತ್ತಿನೊಳಗೆ ಕೂಡಿಹಾಕಿದ ‘ಯಶಾಹಿಮೆ’

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ‘ಇನುಯಾಶಾ’ ಎಂಬ ಜಪಾನಿ ಅನಿಮೇಷನ್ (ಅನಿಮೆ) ಸರಣಿಯನ್ನು ಒಂದು ಕಂತೂ ಬಿಡದೆ ನೋಡಿದ್ದೆ. ಈಗ ಹನ್ನೆರಡು ವರ್ಷದ ಮಗಳೊಂದಿಗೆ ಅದರ ಮುಂದುವರಿಕೆಯಾದ ‘ಯಶಾಹಿಮೆ’ಯ ಮೊದಲ ಭಾಗ ಮುಗಿಸಿದ್ದೇನೆ. ಮೊದಲ ಕಂತಿನಲ್ಲಿ ಹಳೆಯ ತಂಡ ಕಾಣಿಸಿಕೊಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಅರ್ಧ ರಾಕ್ಷಸನಾದ ನಾಯಕ ಇನುಯಾಶಾನೂ ಇಲ್ಲ, ಇಂದಿನ ಟೋಕಿಯೊದಿಂದ ಬಾವಿಯ ಮೂಲಕ ಅವನ ಹಳೆಯ ಕಾಲಕ್ಕೆ ಹೋದ ಕಾಗೊಮೆಯೂ ಇಲ್ಲ. ಮಗಳಿಗೆ ಮಾತ್ರ ಸರಣಿ ಬಹಳ ಹಿಡಿಸಿದೆ. ನನ್ನ ನಿರಾಶೆ ಬರೀ ಹಳೆಯ ನೆನಪಿನ ಮೋಹವೇ? ಇದನ್ನು ಮೂಲ ಲೇಖಕಿಯೇ ಬರೆದರೇ? ಎರಡನೆಯ ಭಾಗವನ್ನು ನೋಡಬಹುದೇ, ಬಿಡುವುದೇ ಒಳ್ಳೆಯದೇ?

ಉತ್ತರ: ಲೇಖಕಿಯ ವಿಷಯವನ್ನು ಮೊದಲು ಬಗೆಹರಿಸೋಣ. ನಿರಾಶೆಗೊಂಡವರೆಲ್ಲ ಹೇಳಿಕೊಳ್ಳುವ ಮೊದಲ ಸಮಾಧಾನ ಅದೇ: ಮೂಲದವರು ಕೈಬಿಟ್ಟರು, ಯಾರೋ ಹೊಸಬರು ಬಂದು ಕೆಡಿಸಿದರು. ಇದರಲ್ಲಿ ಅರ್ಧ ಮಾತ್ರ ನಿಜ. ‘ಇನುಯಾಶಾ’ ಮಂಗಾ, ಅಂದರೆ ಮೂಲ ಜಪಾನಿ ಕಾಮಿಕ್ಸ್, ರುಮಿಕೊ ತಕಹಾಶಿಯವರದು. 1996ರಿಂದ 2008ರವರೆಗೆ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಬಂದು 56 ಸಂಪುಟಗಳಾದ ಕೃತಿ. ‘ಯಶಾಹಿಮೆ’ಯ ಕತೆಯನ್ನು ಅವರು ಬರೆದಿಲ್ಲ. ಮುಖ್ಯ ಪಾತ್ರಗಳ ರೂಪವನ್ನು ಮಾತ್ರ ಚಿತ್ರಿಸಿಕೊಟ್ಟರು.

ಆದರೆ ಕತೆ ಕಟ್ಟಿದವರು ಹೊಸಬರೂ ಅಲ್ಲ. ಚಿತ್ರಕತೆಯ ಹೊಣೆ ಹೊತ್ತ ಕತ್ಸುಯುಕಿ ಸುಮಿಸಾವಾ ಹಳೆಯ ಸರಣಿಗೂ ಅದೇ ಕೆಲಸ ಮಾಡಿದವರು. ಸಂಗೀತ ಆಗಲೂ ಈಗಲೂ ಕವೊರು ವಾದಾ ಅವರದು. ಅನಿಮೇಷನ್‌ಗೆ ತಕ್ಕಂತೆ ಪಾತ್ರಗಳನ್ನು ರೂಪಿಸಿದ ಯೋಶಿಹಿತೊ ಹಿಶಿನುಮಾ ಎರಡರಲ್ಲೂ ಇದ್ದಾರೆ. ಸ್ಟುಡಿಯೊ ಸನ್‌ರೈಸ್ ಕೂಡ ಅದೇ. ಇನುಯಾಶಾನ ದನಿ ಕಪ್ಪೆಯಿ ಯಾಮಾಗುಚಿ, ಕಾಗೊಮೆಯ ದನಿ ಸತ್ಸುಕಿ ಯುಕಿನೊ. ಇಬ್ಬರೂ ಮರಳಿ ಬಂದರು. ಹಳೆಯ ತಂಡದ ಸನ್ಯಾಸಿ ಮಿರೊಕುವಿಗೆ ದನಿಯಾಗಿದ್ದ ಕೋಜಿ ತ್ಸುಜಿತಾನಿ 2018ರಲ್ಲಿ ತೀರಿಕೊಂಡದ್ದರಿಂದ ಆ ಪಾತ್ರ ಮಾತ್ರ ಸೋಯಿಚಿರೊ ಹೋಶಿ ಅವರ ಪಾಲಿಗೆ ಬಂತು. ಮನೆಯನ್ನು ಮೂಲೆಮೂಲೆಯೂ ಬಲ್ಲವರೇ ಮನೆಯ ಹಿರಿಯರನ್ನು ಹೊರಗಿಟ್ಟರು ಎಂದ ಮೇಲೆ, ಅದನ್ನು ಅಜ್ಞಾನದ ಲೆಕ್ಕಕ್ಕೆ ಬರೆಯುವಂತಿಲ್ಲ. ಗೊತ್ತಿದ್ದೇ ಮಾಡಿದರು. ಏಕೆ ಎಂಬುದನ್ನು ನೋಡಬೇಕು.

ಇನ್ನು ಮೋಹದ ಮಾತು. ಸ್ವಲ್ಪ ಇರಬಹುದು, ಇದ್ದರೆ ನಾಚಿಕೆಪಡುವಂಥದ್ದೇನಿಲ್ಲ. 2000ದ ಅಕ್ಟೋಬರಿನಿಂದ 2004ರ ಸೆಪ್ಟೆಂಬರ್‌ವರೆಗೆ 167 ಕಂತುಗಳನ್ನು ನೋಡಿ, ಮಂಗಾ ಇನ್ನೂ ಮುಗಿಯದ ಕಾರಣ ಕತೆ ನಡುದಾರಿಯಲ್ಲಿ ನಿಂತದ್ದನ್ನು ಸಹಿಸಿ, ಐದು ವರ್ಷ ಕಾದು, 2009ರಲ್ಲಿ ಬಂದ ‘ಅಂತಿಮ ಅಧ್ಯಾಯ’ದ 26 ಕಂತುಗಳಲ್ಲಿ ಇಪ್ಪತ್ತೊಂದು ಸಂಪುಟಗಳ ಕತೆ ಓಡೋಡಿ ಮುಗಿದದ್ದನ್ನೂ ಒಪ್ಪಿಕೊಂಡವರಿಗೆ ಪಾತ್ರಗಳ ಮೇಲೆ ಒಂದಿಷ್ಟು ಹಕ್ಕು ಹುಟ್ಟಿಕೊಳ್ಳುತ್ತದೆ. ಆದರೆ ಮೋಹವನ್ನು ಪೂರ್ತಿ ಬದಿಗಿಟ್ಟು ನೋಡಿದರೂ ‘ಯಶಾಹಿಮೆ’ಯ ದೋಷ ಹಾಗೆಯೇ ಉಳಿಯುತ್ತದೆ.

ಮೊದಲ ಕಂತನ್ನೇ ತೆಗೆದುಕೊಳ್ಳಿ. 2020ರ ಅಕ್ಟೋಬರ್ 3ರಂದು ಪ್ರಸಾರವಾದ ಆ ಕಂತಿನ ಬಹುಪಾಲು ‘ಯಶಾಹಿಮೆ’ಯದೇ ಅಲ್ಲ. 2011ರ ಭೂಕಂಪ ಮತ್ತು ಸುನಾಮಿಯ ಸಂತ್ರಸ್ತರ ನೆರವಿಗಾಗಿ ತಕಹಾಶಿ 2013ರಲ್ಲಿ ಒಂದು ವಿಶೇಷ ಅಧ್ಯಾಯ ಬರೆದಿದ್ದರು. ಮದುವೆಯಾದ ಇನುಯಾಶಾ–ಕಾಗೊಮೆ, ಮಿರೊಕು, ಅವನ ಹೆಂಡತಿ ಸಾಂಗೊ ಎಲ್ಲರೂ ಸೇರಿ ‘ಬೇರು ತಲೆ’ ಎಂಬ ರಾಕ್ಷಸನನ್ನು ಎದುರಿಸುವ ಪುಟ್ಟ ಕತೆ ಅದು. ಅದನ್ನೇ ತಂದು ಮೊದಲ ಕಂತಿನಲ್ಲಿ ಕೂರಿಸಿದರು. ಅಂದರೆ ನಿಮಗೆ ಅಂದು ಆದ ಸಂತೋಷ ತಕಹಾಶಿಯವರ ಬರಹದ ಸಂತೋಷ. ಎರಡನೆಯ ಕಂತಿನಿಂದ ಅಡುಗೆಯವರು ಬದಲಾದರು, ಎಲೆಯ ತುದಿಯ ಉಪ್ಪಿನಕಾಯಿ ಮಾತ್ರ ಹಳೆಯ ಭರಣಿಯದು. ಹಳೆಯ ಪಾತ್ರಗಳನ್ನು ತೋರಿಸುವ ಮನಸ್ಸಿಲ್ಲದಿದ್ದರೆ ಮೊದಲ ಕಂತಿನಿಂದಲೇ ತೋರಿಸದೆ ಇರಬಹುದಿತ್ತು. ಕರೆದು ಕೂರಿಸಿ, ಮಾತು ಆರಂಭವಾಗುವ ಹೊತ್ತಿಗೆ ಎದ್ದುಹೋದಂತಾಯಿತು.

ಹಾಗಾದರೆ ಏಕೆ ಹೊರಗಿಟ್ಟರು? ಇಂಥ ಮುಂದುವರಿಕೆ ಬರೆಯುವ ಯಾರಿಗೇ ಆಗಲಿ ಎದುರಾಗುವ ತೊಡಕು ಒಂದಿದೆ. ಮೂಲ ಕತೆ ಮುಗಿಯುವ ಹೊತ್ತಿಗೆ ನಾಯಕರು ಶಕ್ತಿಯ ತುದಿ ಮುಟ್ಟಿರುತ್ತಾರೆ. ಇನುಯಾಶಾನ ಅಣ್ಣ ಸೆಶ್ಶೋಮಾರು ಒಮ್ಮೆ ಖಡ್ಗ ಬೀಸಿದರೆ ಮುಗಿಯುವ ಸಮಸ್ಯೆಗೆ ಅವನ ಅವಳಿ ಹೆಣ್ಣುಮಕ್ಕಳು ಮತ್ತು ಇನುಯಾಶಾನ ಮಗಳು, ಈ ಹದಿನಾಲ್ಕರ ಹುಡುಗಿಯರು, 24 ಕಂತು ಪರದಾಡುವುದನ್ನು ಯಾರು ನೋಡುತ್ತಾರೆ? ಅದರ ಜೊತೆಗೆ ಪ್ರಸಾರದ ಸಮಯ. ಸರಣಿ ಬರುತ್ತಿದ್ದುದು ಶನಿವಾರ ಸಂಜೆ ಐದೂವರೆಗೆ, ಮನೆಯ ಮಕ್ಕಳು ಟಿವಿ ಮುಂದೆ ಕೂರುವ ಹೊತ್ತಿಗೆ. ‘ಇನುಯಾಶಾ’ ಆರಂಭವಾದಾಗ ಹುಟ್ಟಿಯೇ ಇರದ ಮಕ್ಕಳಿಗೆ ಹಿಂದಿನ 193 ಕಂತುಗಳ ಹಂಗಿಲ್ಲದೆ ಅರ್ಥವಾಗಬೇಕು. ನಿಮ್ಮ ಮಗಳಿಗೆ ಸರಣಿ ಹಿಡಿಸಿತು ಎಂದರೆ ಅದು ಉದ್ದೇಶಿಸಿದಂತೆಯೇ ಕೆಲಸ ಮಾಡಿತು. ಈ ಎರಡೂ ಕಾರಣಗಳನ್ನು ನಾನು ತಳ್ಳಿಹಾಕುವುದಿಲ್ಲ. ಹೊಸಬರಿಗೆ ಜಾಗ ಬೇಕಾದರೆ ಹಳಬರು ಸರಿದು ನಿಲ್ಲಲೇಬೇಕು.

ಜಗಳ ಇರುವುದು ಸರಿದು ನಿಂತ ರೀತಿಯಲ್ಲಿ. ಇನುಯಾಶಾ ಮತ್ತು ಕಾಗೊಮೆಯನ್ನು ಸೆಶ್ಶೋಮಾರುವೇ ಕಪ್ಪು ಮುತ್ತಿನೊಳಗೆ ಕಳುಹಿಸಿ ಬಂಧಿಸಿಟ್ಟಿದ್ದಾನೆ. ಹೊಸ ಕತೆಯ ಮುಖ್ಯ ಶತ್ರು ಕಿರಿನ್‌ಮಾರುವಿನ ಕೈಗೆ ಅವರು ಸಿಗಬಾರದೆಂಬುದು ಉದ್ದೇಶ. ಅವಳಿಗಳ ತಾಯಿ ರಿನ್‌ಳನ್ನು ಕಾಲವೃಕ್ಷದ ಒಡಲಲ್ಲಿ ಮಲಗಿಸಲಾಗಿದೆ, ಏಕೆಂದರೆ ಕಿರಿನ್‌ಮಾರುವಿನ ಅಕ್ಕ ಝೀರೋ ಹಾಕಿದ ಬೆಳ್ಳಿ ಪೊರೆಯ ಶಾಪ ಅವಳ ಮೈಯನ್ನು ಏರುತ್ತಿದೆ. ಝೀರೋ ಸತ್ತರೆ ರಿನ್ ಕೂಡ ಸಾಯುತ್ತಾಳೆ, ಹಾಗಾಗಿ ಸೆಶ್ಶೋಮಾರು ಕೈಕಟ್ಟಿ ನಿಂತಿದ್ದಾನೆ. ಮಿರೊಕು ಬೆಟ್ಟ ಹತ್ತಿ ತಪಸ್ಸಿಗೆ ಕುಳಿತಿದ್ದಾನೆ. ಬೇರೆ ಬೇರೆಯಾಗಿ ನೋಡಿದರೆ ಪ್ರತಿಯೊಂದಕ್ಕೂ ಕಾರಣವಿದೆ. ಒಟ್ಟಾಗಿ ನೋಡಿದರೆ ಒಬ್ಬೊಬ್ಬರನ್ನೂ ಒಂದೊಂದು ಕಪಾಟಿನಲ್ಲಿಟ್ಟು ಬೀಗ ಹಾಕಿದಂತಿದೆ. ಕಪಾಟಿನೊಳಗಿನವರು ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾರರು, ತಪ್ಪು ಮಾಡಲಾರರು, ಕತೆ ಮುಂದೆ ಹೋಗುತ್ತಿರುವಾಗ ವಯಸ್ಸಾಗುವುದೂ ಇಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಇಟ್ಟವರನ್ನು ಇಟ್ಟ ಹಾಗೆಯೇ ಹೊರತೆಗೆಯಬಹುದು. ಬರೆಯುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ನೋಡುವವರಿಗೆ ಅದೇ ನಷ್ಟ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಇವರಿಲ್ಲದ ಕೊರತೆ ಮಕ್ಕಳನ್ನು ಕಾಡುವುದೇ ಇಲ್ಲ. ಮೊರೊಹಾ ಇನುಯಾಶಾ–ಕಾಗೊಮೆಯ ಮಗಳು. ತಂದೆ ತಾಯಿಯ ಮುಖ ನೋಡದೆ ಬೆಳೆದು, ಕೈಯಿಂದ ಕೈಗೆ ಮಾರಾಟವಾಗಿ, ಹೆಣಗಳ ವ್ಯಾಪಾರಿಯೊಬ್ಬನ ಸಾಲ ತೀರಿಸಲು ರಾಕ್ಷಸರ ತಲೆ ತಂದು ಒಪ್ಪಿಸುವ ಹುಡುಗಿ. ಎಂಥ ಪಾತ್ರ! ಅವಳಿಗೆ ಎಷ್ಟು ಸಿಟ್ಟಿರಬೇಕು, ಎಷ್ಟು ಕುತೂಹಲವಿರಬೇಕು. ಮೊದಲ ಭಾಗದಲ್ಲಿ ಅದು ಹೆಚ್ಚುಕಡಿಮೆ ನಗುವಿನಲ್ಲಿ ಹಾರಿಹೋಗುತ್ತದೆ. ಸಾಲದ ಮೊತ್ತದ ಬಗ್ಗೆ ಅವಳು ಆಡುವ ಮಾತುಗಳಲ್ಲಿ ಅರ್ಧದಷ್ಟನ್ನೂ ಅಪ್ಪ ಅಮ್ಮನ ಬಗ್ಗೆ ಆಡುವುದಿಲ್ಲ.

ಕಾಲದ ಸುರಂಗ ದಾಟಿ ಆಧುನಿಕ ಟೋಕಿಯೊಗೆ ಬಂದ ಮೊರೊಹಾ ಕಾಗೊಮೆಯ ತವರಿಗೆ ಹೋಗುತ್ತಾಳಲ್ಲ, ಆ ಸಂದರ್ಭವನ್ನು ಒಮ್ಮೆ ನೆನಪಿಸಿಕೊಳ್ಳಿ. ಮೂಲ ಕತೆಯ ಕೊನೆಯಲ್ಲಿ ಕಾಗೊಮೆ ಮೂರು ವರ್ಷ ಇನುಯಾಶಾನಿಗಾಗಿ ಹಂಬಲಿಸಿ, ಶಾಲೆ ಮುಗಿಸಿ, ಬಾವಿಯ ಬಳಿ ಅಮ್ಮನನ್ನು ಅಪ್ಪಿಕೊಂಡು, ಮರಳುವ ದಾರಿಯಿಲ್ಲವೆಂದು ಗೊತ್ತಿದ್ದೇ ಹೊರಟುಹೋದವಳು. ಮಗಳು ಬದುಕಿದ್ದಾಳೋ ಇಲ್ಲವೋ ಎಂದು ತಿಳಿಯುವ ಉಪಾಯವೂ ಆ ತಾಯಿಗಿಲ್ಲ. ಹೀಗಿರುವಾಗ ಒಂದು ದಿನ ಮೊಮ್ಮಗಳು ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ನಮ್ಮ ಯಾವುದೇ ಧಾರಾವಾಹಿಯವರಿಗೆ ಈ ಸನ್ನಿವೇಶ ಸಿಕ್ಕಿದ್ದರೆ ಒಂದು ವಾರ ಎಳೆಯುತ್ತಿದ್ದರು, ಮತ್ತು ಈ ಒಂದು ಸಲಕ್ಕೆ ಅವರ ಎಳೆತ ನ್ಯಾಯವೇ ಆಗುತ್ತಿತ್ತು. ‘ಯಶಾಹಿಮೆ’ ಅಲ್ಲಿ ನಿಲ್ಲುವುದಿಲ್ಲ. ಮುಂದಿನ ರಾಕ್ಷಸ ಕಾಯುತ್ತಿದ್ದಾನೆ ಎಂಬಂತೆ ಮುಂದಕ್ಕೆ ಸಾಗುತ್ತದೆ. ಹಳೆಯ ಸರಣಿಯ ಅತಿ ಆಳದ ಗಾಯವೊಂದು ಹೊಸ ಪಾತ್ರವೊಂದನ್ನು ತಾನಾಗಿಯೇ ಎತ್ತಿ ನಿಲ್ಲಿಸಬಹುದಾಗಿದ್ದ ಜಾಗ ಅದು. ಅಲ್ಲಿ ಇನುಯಾಶಾ ತೆರೆಯ ಮೇಲೆ ಬರಬೇಕಾಗಿಯೂ ಇರಲಿಲ್ಲ. ಅವನ ಹೆಸರಿಗೆ ಒಂದು ಮೌನ ಸಾಕಾಗಿತ್ತು.

ಹಳೆಯ ವೀರ ಮತ್ತು ಅವನನ್ನು ಕಾಣದೆ ಬೆಳೆದ ಸಂತಾನ, ಈ ವಸ್ತು ನಮಗೆ ಹೊಸದಲ್ಲ. ಬಭ್ರುವಾಹನನ ಪ್ರಸಂಗವನ್ನು ಬಯಲಾಟದಲ್ಲಿ ನೋಡಿದವರಿಗೆ ಗೊತ್ತು: ಭಾರತ ಯುದ್ಧ ಗೆದ್ದ ಅರ್ಜುನ ಅಲ್ಲಿ ಮಗನನ್ನು ಹೀಯಾಳಿಸುತ್ತಾನೆ, ಮಗನ ಬಾಣಕ್ಕೆ ಉರುಳುತ್ತಾನೆ. ಅರ್ಜುನನಿಗೆ ಅವಮಾನವಾಯಿತು ಎಂದು ಯಾರೂ ಎದ್ದುಹೋಗುವುದಿಲ್ಲ. ಮಗನ ಅಳತೆ ಗೊತ್ತಾಗುವುದೇ ಅಪ್ಪ ಎದುರಿಗೆ ನಿಂತಾಗ. ಹಳೆಯ ನಾಯಕನನ್ನು ಸೋಲಿಸಿ, ತಪ್ಪಿತಸ್ಥನನ್ನಾಗಿ ಮಾಡಿ, ಬೇಕಾದರೆ ಕೊಂದೂಬಿಡಿ, ಪ್ರೇಕ್ಷಕ ತಾಳಿಕೊಳ್ಳುತ್ತಾನೆ. ಲೆಕ್ಕಕ್ಕೇ ಇಲ್ಲದಂತೆ ಮಾಡಿದರೆ ಮಾತ್ರ ತಾಳುವುದಿಲ್ಲ.

ಸನ್‌ರೈಸ್ ಸ್ಟುಡಿಯೊಗೆ ಇದು ತಿಳಿಯದ ವಿದ್ಯೆಯಲ್ಲ ಎಂಬುದೇ ನನಗೆ ಹೆಚ್ಚು ಬೇಸರದ ಸಂಗತಿ. 1985ರಲ್ಲಿ ಅವರೇ ತಯಾರಿಸಿದ ‘ಝೀಟಾ ಗುಂಡಮ್’ ನೋಡಿ. 1979ರ ಮೊದಲ ‘ಗುಂಡಮ್’ನ ನಾಯಕ ಅಮುರೊ ರೇ ಅಲ್ಲಿ ಬದಿಗೆ ಸರಿದಿದ್ದಾನೆ, ನಾಯಕನ ಪಟ್ಟ ಕಮಿಲ್ ಬಿದಾನ್ ಎಂಬ ಹೊಸ ಹುಡುಗನಿಗೆ. ಆದರೆ ಅಮುರೊ ಸರಿದದ್ದು ಯಾವ ಮಾಯಾಮುತ್ತಿನೊಳಗೂ ಅಲ್ಲ. ಯುದ್ಧ ಗೆದ್ದುಕೊಟ್ಟ ವೀರನಿಗೆ ಹೆದರಿದ ಸರಕಾರ ಅವನನ್ನು ಉತ್ತರ ಅಮೆರಿಕದ ಒಂದು ದೊಡ್ಡ ಬಂಗಲೆಯಲ್ಲಿ, ಆಳುಕಾಳುಗಳ ನಡುವೆ, ಕಣ್ಗಾವಲಿನಲ್ಲಿ ಇರಿಸಿದೆ. ಮತ್ತೆ ಬಾಹ್ಯಾಕಾಶಕ್ಕೆ ಹೋಗಲು ಅವನಿಗೇ ಭಯ. ಅವನು ಹಲವು ಕಂತುಗಳ ನಂತರ ಬರುತ್ತಾನೆ, ಬಂದರೂ ನಾಯಕನಾಗುವುದಿಲ್ಲ. ಆದರೂ ಆ ಬಂಗಲೆಯ ಸುಖದ ಸೆರೆ ಇಡೀ ಸರಣಿಯ ರಾಜಕೀಯವನ್ನು ಹೇಳಿಬಿಡುತ್ತದೆ. ಅವನ ಹಳೆಯ ಶತ್ರು ಶಾರ್ ಬೇರೆ ಹೆಸರಿಟ್ಟುಕೊಂಡು ಹೊಸ ಹುಡುಗನಿಗೆ ಹಿರಿಯಣ್ಣನಂತೆ ನಿಂತು, ಕೊಡಬೇಕಾದ ಆಸರೆ ಕೊಡಲಾಗದೆ ತಡಬಡಾಯಿಸುತ್ತಾನೆ. ಬದಿಗೆ ಸರಿಸುವುದನ್ನೂ ಕತೆಯಾಗಿಸುವುದು ಎಂದರೆ ಇದು.

ಇದರ ಉಲ್ಟಾ ಉದಾಹರಣೆಯೂ ಅವರಲ್ಲೇ ಇದೆ. 2004–05ರ ‘ಗುಂಡಮ್ ಸೀಡ್ ಡೆಸ್ಟಿನಿ’ಯಲ್ಲಿ ಶಿನ್ ಅಸುಕಾ ಎಂಬ ಹೊಸ ನಾಯಕನನ್ನು ಮುಂದಿಟ್ಟು ಶುರುಮಾಡಿದರು, ಹೋಗುತ್ತ ಹೋಗುತ್ತ ಹಳೆಯ ನಾಯಕ ಕಿರಾ ಯಮಾತೊ ಇಡೀ ಸರಣಿಯನ್ನು ಕೈಗೆತ್ತಿಕೊಂಡ, ಶಿನ್ ತನ್ನದೇ ಸರಣಿಯಲ್ಲಿ ಎದುರಾಳಿಯ ಮಟ್ಟಕ್ಕಿಳಿದ. ಅಂದಹಾಗೆ ಆ ಕಿರಾನಿಗೆ ದನಿ ಕೊಟ್ಟವರು ಇದೇ ಸೋಯಿಚಿರೊ ಹೋಶಿ. ಅಂದರೆ ‘ಹಳಬರನ್ನು ಇನ್ನಷ್ಟು ತೋರಿಸಿದ್ದರೆ ಸಾಕಿತ್ತು’ ಎಂಬ ಬೇಡಿಕೆ ತಾನಾಗಿಯೇ ಪರಿಹಾರವಲ್ಲ. ಬೇಡಿದ್ದನ್ನು ಬೇಡಿದಷ್ಟು ಕೊಟ್ಟರೆ ಹೊಸಬರು ಹೀಗೆ ಸೊರಗುತ್ತಾರೆ. ‘ನರುಟೊ’ ಸರಣಿಯ ಮುಂದುವರಿಕೆಯಾದ ‘ಬೊರುಟೊ’ವನ್ನು ಬೈಯುವವರು ಬಹಳ. 2017ರಿಂದ 2023ರವರೆಗೆ ಎಳೆದ 293 ಕಂತುಗಳಲ್ಲಿ ಬೈಯಲು ಬೇಕಾದಷ್ಟು ಸಿಗುತ್ತದೆ, ನಿಜ. ಆದರೂ ಊರಿನ ಮುಖಂಡನಾಗಿ ಕಡತಗಳಲ್ಲಿ ಮುಳುಗಿ ಮಗಳ ಹುಟ್ಟುಹಬ್ಬಕ್ಕೂ ಖುದ್ದಾಗಿ ಮನೆಗೆ ಬಾರದ ನರುಟೊ ಅಲ್ಲಿ ಮಗನ ಸಿಟ್ಟಿಗೆ ಕಾರಣನಾಗಿ ಕಣ್ಣೆದುರಿಗೇ ಇದ್ದಾನೆ.

ಸೆಶ್ಶೋಮಾರು–ರಿನ್ ವಿಷಯಕ್ಕೆ ಬರದೆ ಈ ಉತ್ತರ ಮುಗಿಯುವಂತಿಲ್ಲ. ನೀವು ಅದನ್ನು ಕೇಳಿಲ್ಲ, ಆದರೆ ಮೊದಲ ಭಾಗ ಮುಗಿಸಿರುವುದರಿಂದ ನಿಮಗೂ ಇರುಸುಮುರುಸಾಗಿರಬಹುದು. ಮೂಲದಲ್ಲಿ ರಿನ್ ಪುಟ್ಟ ಹುಡುಗಿ, ಸೆಶ್ಶೋಮಾರು ಅವಳ ಪಾಲಕ. ಮುಂದುವರಿಕೆಯಲ್ಲಿ ಅವಳು ತೋವಾ–ಸೆತ್ಸುನಾ ಎಂಬ ಅವಳಿಗಳ ತಾಯಿ. ಇದನ್ನು ಒಪ್ಪಲಾರೆ ಎನ್ನುವವರ ಆಕ್ಷೇಪ ಸಣ್ಣದಲ್ಲ, ಅದನ್ನು ಅತಿಸೂಕ್ಷ್ಮತೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಇಂಥ ಸಂಬಂಧವನ್ನು ಕತೆಯಲ್ಲಿ ತರಲೇಬೇಕೆಂದಿದ್ದರೆ ನಡುವಿನ ವರ್ಷಗಳನ್ನು ತೋರಿಸಿ, ರಿನ್ ಬೆಳೆದು ಹೆಂಗಸಾಗಿ ತನ್ನ ತೀರ್ಮಾನವನ್ನು ತಾನೇ ಆಡುವುದನ್ನು ಕೇಳಿಸಬೇಕಿತ್ತು. ಬರೆದವರು ಅವಳನ್ನು ಮರದೊಳಗೆ ಮಲಗಿಸಿ, ತಾಯಿ ಯಾರು ಎಂಬುದನ್ನು ಹತ್ತಾರು ಕಂತು ಒಗಟಾಗಿ ಬಚ್ಚಿಟ್ಟು, ಕೊನೆಗೆ ಬಯಲು ಮಾಡಿದರು. ನಿದ್ರಿಸುತ್ತಿರುವವಳಿಗೆ ಮಾತಿಲ್ಲ, ಸೆಶ್ಶೋಮಾರು ಎಚ್ಚರವಿದ್ದೂ ಆಡುವವನಲ್ಲ. ಹಸುಗೂಸುಗಳನ್ನು ತಾಯಿಯಿಂದ ಎತ್ತಿಕೊಂಡು ಹೋಗಿ ಕಾಡಿನಲ್ಲಿ ಬಚ್ಚಿಟ್ಟ ತಂದೆ, ಆ ಕಾಡಿಗೆ ಬೆಂಕಿ ಬಿದ್ದು ನಾಲ್ಕು ವರ್ಷದ ಅವಳಿಗಳು ಬೇರೆಬೇರೆ ಯುಗಗಳ ಪಾಲಾದ ಮೇಲೂ ಮೊದಲ ಭಾಗದ ಉದ್ದಕ್ಕೂ ಮಕ್ಕಳಿಗೆ ಒಂದು ವಿವರಣೆ ಕೊಡುವುದಿಲ್ಲ. ಮೂಲದಲ್ಲಿ ಅವನ ಮೌನಕ್ಕೆ ತೂಕವಿತ್ತು, ಏಕೆಂದರೆ ಪಕ್ಕದಲ್ಲಿ ರಿನ್ ವಟಗುಟ್ಟುತ್ತಿದ್ದಳು, ಸೇವಕ ಜಾಕೆನ್ ಗೊಣಗುತ್ತಿದ್ದ. ಇಲ್ಲಿ ಅದು ಬರೆಯುವವರು ತಪ್ಪಿಸಿಕೊಳ್ಳುವ ದಾರಿ.

ಸಾಂಗೊ ಮತ್ತು ಮಿರೊಕುವಿನ ಮಗ ಹಿಸುಯಿ, ಮಾವ ಕೊಹಾಕುವಿನ ಕೈಕೆಳಗೆ, ಅಮ್ಮನ ಹಿರಾಯಿಕೊತ್ಸು ಹೊತ್ತು ತಿರುಗುವ ಭಾಗ ಪರವಾಗಿಲ್ಲ. ಒಂದು ಆಯುಧ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂದದ್ದನ್ನು ಯಾರೂ ಭಾಷಣ ಮಾಡದೆ ತೋರಿಸಿದ್ದಾರೆ. ಅದನ್ನು ಇನ್ನಷ್ಟು ಬೆಳೆಸಬಹುದಿತ್ತು.

ಮೆಚ್ಚಲು ಏನೂ ಇಲ್ಲವೆಂದು ತಿಳಿಯಬೇಡಿ. ಮೊರೊಹಾಳ ಪಾತ್ರವನ್ನು ಬರವಣಿಗೆ ಕೈಬಿಟ್ಟಲ್ಲೂ ಅಜುಸಾ ತದೊಕೊರೊ ಅವರ ದನಿ ಎತ್ತಿಹಿಡಿದಿದೆ. ಅಪ್ಪನ ಒರಟುತನ, ಅಮ್ಮನ ಬಿಲ್ಲು, ಇವೆರಡೂ ಅವಳಲ್ಲಿ ಬೆರೆತಿರುವ ಬಗೆ ನೋಡುವಂತಿದೆ. ತುಟಿಗೆ ಕೆಂಪು ಹಚ್ಚಿಕೊಂಡೊಡನೆ ಬೆನಿಯಾಶಾ ಎಂಬ ಉಗ್ರ ರೂಪ ತಾಳಿ, ಕೆಲವೇ ಗಳಿಗೆ ಅಬ್ಬರಿಸಿ, ಆಮೇಲೆ ಸುಸ್ತಾಗಿ ಬೀಳುವುದು ಒಳ್ಳೆಯ ಕಲ್ಪನೆ. ಮಿತಿಯಿರುವ ಶಕ್ತಿಯೇ ಕತೆಗೆ ಒದಗುವುದು. ಕನಸಿನ ಚಿಟ್ಟೆಗೆ ನಿದ್ರೆ ಕಳೆದುಕೊಂಡು, ಅಕ್ಕನ ನೆನಪನ್ನೂ ಕಳೆದುಕೊಂಡ ಸೆತ್ಸುನಾಳ ಬಿಗುಮಾನ, ಆ ನೆನಪನ್ನು ಮರಳಿಸಲು ತೋವಾ ಪಡುವ ಪಾಡು, ಇವೂ ಆರಂಭದ ಕಂತುಗಳಲ್ಲಿ ಚೆನ್ನಾಗಿವೆ. ನಿಮ್ಮ ಮಗಳು ನೋಡುತ್ತಿರುವುದು ಬಹುಶಃ ಇದನ್ನೇ: ಬೇರ್ಪಟ್ಟ ಅಕ್ಕತಂಗಿಯರು, ಜೊತೆಗೆ ಬಾಯಿಬಡಕಿ ಸೋದರಸಂಬಂಧಿ. ಅವಳಿಗೆ ಇನುಯಾಶಾ ಎಂದರೆ ಮೊರೊಹಾಳ ಅಪ್ಪ, ಅಷ್ಟೇ. ಅವಳ ಮೆಚ್ಚುಗೆಯೂ ನಿಮ್ಮ ಬೇಸರವೂ ಒಟ್ಟಿಗೆ ಸರಿಯಾಗಿರಬಹುದು.

ಎರಡನೆಯ ಭಾಗದ ಬಗ್ಗೆ ಹೇಳುವಾಗ ಕತೆಯ ಗುಟ್ಟು ಕೊಂಚ ಬಿಟ್ಟುಕೊಡಬೇಕಾಗುತ್ತದೆ. 2021ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಇನ್ನೂ 24 ಕಂತು ಬಂದವು. ನಿರ್ದೇಶಕರು ಬದಲಾಗಿ, ತೆರುವೊ ಸಾತೊ ಅವರ ಜಾಗಕ್ಕೆ ಮಸಕಾಜು ಹಿಶಿದಾ ಬಂದರು. ಮೊರೊಹಾ ಕಪ್ಪು ಮುತ್ತಿನೊಳಗೆ ಹೋಗಿ ತಂದೆ ತಾಯಿಯನ್ನು ಕಾಣುತ್ತಾಳೆ, ಅವರು ಹೊರಗೂ ಬರುತ್ತಾರೆ. ಕೊನೆಯ ಹೊತ್ತಿಗೆ ರಿನ್ ಕೂಡ ಎಚ್ಚರಗೊಳ್ಳುತ್ತಾಳೆ. ಮುತ್ತಿನೊಳಗಿನ ಆ ಭೇಟಿ ಇಡೀ ಸರಣಿಯಲ್ಲಿ ನಿಮಗೆ ಸಲ್ಲಬೇಕಾದ ಬಾಕಿಯ ಒಂದು ಪಾಲನ್ನಾದರೂ ತೀರಿಸುತ್ತದೆ. ಆದರೆ ಅದರ ಸುತ್ತ ಕಿರಿನ್‌ಮಾರುವಿನ ಹಂಚಿಕೆ, ಕಾಲದ ಚಕ್ರ, ಅವನ ಕೊಂಬಿನಿಂದ ಹುಟ್ಟಿದ ರಿಕುವಿನ ಪ್ರೇಮ, ಹೀಗೆ ಒಂದರ ಮೇಲೊಂದು ಪೇರಿಸಲಾಗಿದೆ. ಕಿರಿನ್‌ಮಾರುವಿನ ಕಡಿದುಹೋದ ಬಲಗೈ ಟೋಕಿಯೊದ ಶಾಲೆಯಲ್ಲಿ ಮೇಷ್ಟರಾಗಿ ಪಾಠ ಹೇಳುವ ಕಲ್ಪನೆ ಬೇರೆಡೆ ಬಂದಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಈ ಗದ್ದಲದಲ್ಲಿ ಅದೂ ಒಂದು ಗಂಟು. ಹೊರಬಂದ ಇನುಯಾಶಾ ಮತ್ತು ಕಾಗೊಮೆ ಹೊಡೆದಾಟದಲ್ಲಿ ಕೈಜೋಡಿಸುತ್ತಾರೆ. ಹದಿನಾಲ್ಕು ವರ್ಷ ಮಗಳಿಲ್ಲದೆ ಕಳೆದವರು ಆ ಮಗಳೊಂದಿಗೆ ಒಂದು ಸಂಜೆ ಕುಳಿತು ಮಾತಾಡುವುದನ್ನು ನೋಡಲು ನಾನು ಕಾದಿದ್ದೆ. ಅದಕ್ಕೆ ಬೇಕಾದ ಬಿಡುವು ಸರಣಿಯಲ್ಲಿ ಇಲ್ಲ.

ಆದ್ದರಿಂದ ನನ್ನ ಸಲಹೆ ಹೀಗೆ. ಮಗಳು ನೋಡಲಿ, ತಡೆಯಬೇಡಿ. ನೀವು ಎರಡನೆಯ ಭಾಗದ ಆರಂಭದ ಕಂತುಗಳಲ್ಲಿ ಅವಳ ಪಕ್ಕದಲ್ಲಿ ಕುಳಿತು ಬೇರೆ ಕೆಲಸ ಮಾಡಿಕೊಂಡರೂ ನಷ್ಟವಿಲ್ಲ. ಕಪ್ಪು ಮುತ್ತಿನ ಕಂತುಗಳು ಬಂದಾಗ ಕರೆಯಲು ಹೇಳಿಡಿ. ಅದಕ್ಕೂ ಮುಂಚೆ, ಆಗುವುದಾದರೆ, ಮೂಲ ‘ಇನುಯಾಶಾ’ದ ಕೊನೆಯ ಕಂತನ್ನಾದರೂ ಅವಳಿಗೆ ತೋರಿಸಿ. ಬಾವಿಯ ಬಳಿಯ ಆ ಬೀಳ್ಕೊಡುಗೆಯನ್ನು ನೋಡಿದ ಮೇಲೆ ಮೊರೊಹಾ ಯಾರು ಎಂಬುದು ಅವಳಿಗೆ ಬೇರೆಯೇ ರೀತಿಯಲ್ಲಿ ತಿಳಿಯುತ್ತದೆ. ನಿಮಗಾಗಿ ಇನ್ನೊಂದು ದಾರಿಯಿದೆ. 2021ರಿಂದ ತಕಾಶಿ ಶೀನಾ ಇದೇ ವಸ್ತುವನ್ನು ಮಂಗಾ ರೂಪದಲ್ಲಿ ತಮ್ಮದೇ ಬಗೆಯಲ್ಲಿ ಹೇಳತೊಡಗಿದರು. ಹುಡುಗಿಯರು ಅವರೇ, ಶತ್ರುಗಳೂ ಬಹುಮಟ್ಟಿಗೆ ಅವರೇ, ಆದರೆ ಅನಿಮೆಯ ಹೆಜ್ಜೆಜಾಡನ್ನು ಕಣ್ಣುಮುಚ್ಚಿ ಅನುಸರಿಸಿದ ಕೃತಿಯಲ್ಲ ಅದು. ಇಂಗ್ಲಿಷ್ ಅನುವಾದ ಸಿಗುತ್ತದೆ. ಎರಡನೆಯ ಭಾಗಕ್ಕೆ ಮೀಸಲಿಟ್ಟ ಸಮಯದಲ್ಲಿ ಅರ್ಧವನ್ನು ಅದಕ್ಕೆ ಕೊಟ್ಟು ನೋಡಿ. ತಕಹಾಶಿಯವರದೇ ಕೈಬರಹ ಬೇಕೆನ್ನಿಸಿದರೆ 56 ಸಂಪುಟಗಳ ಮೂಲ ಮಂಗಾ ಇದ್ದೇ ಇದೆ. ಅನಿಮೆ ಓಡೋಡಿ ಮುಗಿಸಿದ ಕೊನೆಯ ಇಪ್ಪತ್ತೊಂದು ಸಂಪುಟಗಳಿಂದ, ಅಂದರೆ 36ನೆಯದರಿಂದ, ಆರಂಭಿಸಬಹುದು.